ತೆರೆಯ ಮೇಲೆ ಕಾಣದ ಮೊಡವೆ: ನಂಬಿಕೆ ಏನು, ನಿಜ ಏನು?

ಯಾವುದಾದರೂ ಪಿಯು ಕಾಲೇಜಿನ ತರಗತಿಯಲ್ಲಿ ಒಮ್ಮೆ ಕಣ್ಣಾಡಿಸಿ. ಹಣೆಯ ತುಂಬ ಸಣ್ಣ ಗುಳ್ಳೆ, ಕೆನ್ನೆಯಲ್ಲಿ ಊದಿದ ಮೊಡವೆ, ಗಲ್ಲದ ಮೇಲೆ ಹಳೆಯ ಕಲೆ. ಇವು ಯಾವುವೂ ಇಲ್ಲದ ಮುಖಗಳೇ ಕಡಿಮೆ. 12ರಿಂದ 24 ವಯಸ್ಸಿನವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಮೊಡವೆ ಬರುತ್ತದೆ ಎಂಬುದು ಚರ್ಮವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ಸಂಜೆ ಮನೆಗೆ ಬಂದು ಟಿ.ವಿ. ಹಾಕಿದರೆ, ಅದೇ ವಯಸ್ಸಿನ ಪಾತ್ರಗಳ ಮುಖದಲ್ಲಿ ಹುಡುಕಿದರೂ ಒಂದು ಮೊಡವೆ ಸಿಗದು. ಸಿಕ್ಕರೆ ಅದು ನಾಯಕನ ಪೆದ್ದು ಗೆಳೆಯನ ಕೆನ್ನೆಯಲ್ಲಿರುತ್ತದೆ, ಇಲ್ಲವೇ ಕ್ರೀಮ್ ಜಾಹೀರಾತಿನ ಆರಂಭದಲ್ಲಿ ಅಳುಮೋರೆ ಹಾಕಿಕೊಂಡ ಹುಡುಗಿಯ ಮೂಗಿನ ಮೇಲಿರುತ್ತದೆ.

ಇಷ್ಟು ಸಾಮಾನ್ಯವಾದ ತೊಂದರೆಯನ್ನು ತೆರೆ ಒರೆಸಿ ಹಾಕಿದಾಗ, ಮೊಡವೆ ಬಂದ ಪ್ರತಿಯೊಬ್ಬರಿಗೂ ಇದು ತಮಗೊಬ್ಬರಿಗೇ ಬಂದಿದೆ ಎನಿಸತೊಡಗುತ್ತದೆ. ಈ ಒಂಟಿತನಕ್ಕೆ ಗೊಬ್ಬರ ಹಾಕಿದ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ನಟ ನಟಿಯರ ಚರ್ಮ ಹುಟ್ಟಿನಿಂದಲೇ ಹಾಗೆ ನುಣುಪಾಗಿರುತ್ತದೆ

ಸತ್ಯ: ಆ ನುಣುಪು ತಯಾರಾದದ್ದು. ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಸುಬಿದೆ. ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣ ಗೋಚರಿಸುತ್ತಿರಲಿಲ್ಲ. ಕೆಂಪಗಿದ್ದದ್ದೆಲ್ಲ ತೆರೆಯ ಮೇಲೆ ಕಪ್ಪಾಗಿ ಮೂಡುತ್ತಿತ್ತು. ಸಣ್ಣ ಮೊಡವೆಯೂ ಕರಿ ಚುಕ್ಕೆಯಾಗಿ ಎದ್ದು ಕಾಣುತ್ತಿದ್ದರಿಂದ ಕಲಾವಿದರು ಮುಖಕ್ಕೆ ದಪ್ಪನೆ ಬಣ್ಣ ಬಳಿದುಕೊಳ್ಳಲೇಬೇಕಿತ್ತು. ಮುಂದೆ ಫಿಲ್ಮ್ ಬದಲಾಯಿತು, ಬಣ್ಣ ಬಂತು, ಆದರೆ ಮುಚ್ಚುವ ರೂಢಿ ಹಾಗೇ ಉಳಿಯಿತು. ಲೆನ್ಸಿನ ಮುಂದೆ ಚಿತ್ರವನ್ನು ಮೃದುವಾಗಿಸುವ ಡಿಫ್ಯೂಷನ್ ಫಿಲ್ಟರ್ ಬಂತು, ಮುಖದ ನೆರಳುಗಳನ್ನು ಅಳಿಸುವ ಮೃದು ಬೆಳಕು ಬಂತು, ಎಚ್‌ಡಿ ಕ್ಯಾಮೆರಾ ಬಂದ ಮೇಲೆ ಏರ್‌ಬ್ರಶ್ ಮೇಕಪ್ ರೂಢಿಗೆ ಬಂತು.

ಈಗ ಶೂಟಿಂಗ್ ಮುಗಿದ ಮೇಲೂ ಕೆಲಸವಿರುತ್ತದೆ. ಚಿತ್ರದ ಬಣ್ಣ ತಿದ್ದುವ ಡಿಐ (ಡಿಜಿಟಲ್ ಇಂಟರ್‌ಮೀಡಿಯೇಟ್) ಕೋಣೆಯಲ್ಲಿ ಕಲರಿಸ್ಟ್ ಕಂಪ್ಯೂಟರಿನಲ್ಲಿ ನಾಯಕಿಯ ಕೆನ್ನೆಯ ಸುತ್ತ ಒಂದು ಗೆರೆ ಎಳೆಯುತ್ತಾರೆ. ಅವಳು ತಲೆ ತಿರುಗಿಸಿದಂತೆಲ್ಲ ಆ ಗೆರೆ ಕೆನ್ನೆಯ ಹಿಂದೆಯೇ ಹೋಗುತ್ತದೆ. ಕಣ್ಣು, ಹುಬ್ಬು, ತುಟಿಗಳ ಸ್ಪಷ್ಟತೆಯನ್ನು ಹಾಗೇ ಬಿಟ್ಟು, ಗೆರೆಯೊಳಗಿನ ಚರ್ಮವನ್ನು ಮಾತ್ರ ಮೃದು ಮಾಡಲಾಗುತ್ತದೆ. ಸೆಕೆಂಡಿಗೆ 24 ಫ್ರೇಮಿನಂತೆ ಒಂದು ನಿಮಿಷದ ದೃಶ್ಯದಲ್ಲಿ 1,440 ಚಿತ್ರಗಳಿರುತ್ತವೆ, ಅಷ್ಟರಲ್ಲೂ ಮೊಡವೆ ಮಾಯ. ಆ ನಟಿ ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ಅವಳಿಗೂ ಆ ಮುಖ ಅಲ್ಲಿ ಸಿಗುವುದಿಲ್ಲ. ಹಾಗಿರುವಾಗ ನಮ್ಮ ಮಕ್ಕಳು ತಮ್ಮ ಮುಖವನ್ನು ಅದರ ಜೊತೆ ಹೋಲಿಸಿಕೊಂಡು ಕೊರಗುವುದು ಎಷ್ಟು ಅನ್ಯಾಯ!

ತಪ್ಪು ಕಲ್ಪನೆ 2: ಮುಖ ಸರಿಯಾಗಿ ತೊಳೆಯದವರಿಗೆ ಮೊಡವೆ ಬರುತ್ತದೆ

ಸತ್ಯ: ನೊರೆ ಉಕ್ಕಿಸಿ, ನೀರು ಎರಚಿ, ಮೊಡವೆ ತೊಳೆದುಹೋಗುವಂತೆ ತೋರಿಸುವ ಫೇಸ್‌ವಾಶ್ ಜಾಹೀರಾತುಗಳು ಈ ನಂಬಿಕೆಯನ್ನು ಗಟ್ಟಿ ಮಾಡಿವೆ. ಮೊಡವೆ ಶುರುವಾಗುವುದು ಚರ್ಮದ ಒಳಗೆ, ಕೂದಲಿನ ಬುಡದಲ್ಲಿ. ಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನುಗಳು ಹೆಚ್ಚಾದಾಗ ಅಲ್ಲಿನ ಗ್ರಂಥಿಗಳು ಸೀಬಮ್ ಎಂಬ ಜಿಡ್ಡನ್ನು ಜಾಸ್ತಿ ಸುರಿಸುತ್ತವೆ. ಉದುರಬೇಕಾದ ಸತ್ತ ಜೀವಕೋಶಗಳು ಉದುರದೆ ಅಂಟಿಕೊಂಡು ರಂಧ್ರದ ಬಾಯಿ ಕಟ್ಟುತ್ತದೆ. ಒಳಗೆ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ ಕೆಂಪು, ಊತ, ಕೀವು. ಇಷ್ಟೆಲ್ಲ ನಡೆಯುವ ಜಾಗಕ್ಕೆ ಸೋಪು ತಲುಪುವುದೇ ಇಲ್ಲ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯ ಬಣ್ಣವಲ್ಲ. ಗಾಳಿಗೆ ತೆರೆದುಕೊಂಡ ಮೆಲನಿನ್ ಎಂಬ ವರ್ಣದ್ರವ್ಯ ಕಪ್ಪಾಗಿರುತ್ತದೆ, ಅಷ್ಟೇ.

ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದರೆ ಸಾಕು. ಕಡಲೆಹಿಟ್ಟು, ಸ್ಕ್ರಬ್ ಹಾಕಿ ತಿಕ್ಕಿದರೆ ಚರ್ಮ ಕೆರಳುತ್ತದೆ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿದರೆ ಸುಡುವ ಸಾಧ್ಯತೆಯೂ ಇದೆ. ಇನ್ನು 'ಉಷ್ಣ ಆಗಿದೆ, ಎಣ್ಣೆ ತಿಂಡಿ ಬಿಡು' ಎನ್ನುವ ಮಾತು. ಬಜ್ಜಿ ಬೋಂಡದ ಎಣ್ಣೆ ನೇರವಾಗಿ ಮುಖಕ್ಕೆ ಬಂದು ಮೊಡವೆಯಾಗುವುದಿಲ್ಲ. ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸುವ ಸಿಹಿತಿಂಡಿ, ಮೈದಾ, ಸಿಹಿಪಾನೀಯಗಳಿಗೂ, ಕೆಲವರಲ್ಲಿ ಹಾಲಿಗೂ ಮೊಡವೆಯ ಜೊತೆ ನಂಟು ಕಂಡುಬಂದಿದೆ. ಆದರೂ ಆಹಾರ ಹಲವು ಕಾರಣಗಳಲ್ಲಿ ಒಂದು ಮಾತ್ರ. ಅಪ್ಪ ಅಮ್ಮನಿಗೆ ಜೋರಾಗಿ ಮೊಡವೆ ಬಂದಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ 'ನಿನ್ನದೇ ತಪ್ಪು' ಎಂದು ಮಕ್ಕಳನ್ನು ಗದರುವುದರಲ್ಲಿ ಅರ್ಥವಿಲ್ಲ.

ತಪ್ಪು ಕಲ್ಪನೆ 3: ಸಿನಿಮಾದಲ್ಲಿ ಯಾರ ಮುಖ ಹೇಗಿದ್ದರೇನು, ಅದು ಬರೀ ಕಥೆ

ಸತ್ಯ: ಕಥೆ ಮುಖವನ್ನೇ ಗುಣದ ಗುರುತಾಗಿ ಬಳಸುತ್ತದೆ. 2017ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಅಮೆರಿಕದ ಚರ್ಮವೈದ್ಯರ ಒಂದು ಅಧ್ಯಯನ ಪ್ರಕಟವಾಯಿತು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪಟ್ಟಿ ಮಾಡಿದ ಸಾರ್ವಕಾಲಿಕ ಹತ್ತು ನಾಯಕ ಪಾತ್ರಗಳನ್ನೂ ಹತ್ತು ಖಳ ಪಾತ್ರಗಳನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಹತ್ತು ಖಳರಲ್ಲಿ ಆರು ಮಂದಿಗೆ ಎದ್ದು ಕಾಣುವ ಚರ್ಮದ ತೊಂದರೆಗಳಿದ್ದವು: ಬೋಳು ತಲೆ, ಕಣ್ಣ ಸುತ್ತ ಕಪ್ಪು, ಮುಖದ ಮೇಲೆ ಗಾಯದ ಕಲೆ, ನರುಲಿ. ನಾಯಕರ ಪೈಕಿ ಅಂಥದ್ದು ಒಬ್ಬರಿಗೂ ಇರಲಿಲ್ಲ.

ನಮ್ಮ ತೆರೆಯೂ ಇದೇ ಲೆಕ್ಕದಲ್ಲಿ ನಡೆದಿದೆ. ಗುಳಿ ಬಿದ್ದ ಕೆನ್ನೆಯವನು ರೌಡಿ, ಮೊಡವೆ ಮುಖದವನು ಹಾಸ್ಯಕ್ಕೆ. ಚಿಕ್ಕಂದಿನಿಂದ ಇದನ್ನೇ ನೋಡುತ್ತ ಬೆಳೆದ ಕಣ್ಣು, ತಿಳಿಯಾದ ಚರ್ಮವನ್ನು ಒಳ್ಳೆಯತನಕ್ಕೂ ಜಾಣತನಕ್ಕೂ ಕಟ್ಟಿಹಾಕುತ್ತದೆ. ಅದೇ ಕಣ್ಣು ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿದಾಗ ತೀರ್ಪೂ ಹಾಗೇ ಬರುತ್ತದೆ.

ತಪ್ಪು ಕಲ್ಪನೆ 4: ಮೊಡವೆ ಇರುವ ನಾಯಕಿಯನ್ನು ಪ್ರೇಕ್ಷಕರು ಒಪ್ಪುವುದಿಲ್ಲ

ಸತ್ಯ: 2015ರಲ್ಲಿ ಅಲ್ಫೋನ್ಸ್ ಪುತ್ರೆನ್ ಅವರ ಮಲಯಾಳಂ ಚಿತ್ರ 'ಪ್ರೇಮಂ' ಈ ಮಾತನ್ನು ಸುಳ್ಳು ಮಾಡಿತು. ಮಲರ್ ಎಂಬ ಕಾಲೇಜು ಅಧ್ಯಾಪಕಿಯಾಗಿ ಸಾಯಿ ಪಲ್ಲವಿ ಹೆಚ್ಚು ಮೇಕಪ್ ಇಲ್ಲದೆ, ಕೆನ್ನೆಯ ಮೊಡವೆಗಳು ಕಾಣುವಂತೆಯೇ ನಟಿಸಿದರು. ಭಾಷೆ ಬಾರದವರೂ ಮಲರ್ ಟೀಚರನ್ನು ಮೆಚ್ಚಿಕೊಂಡರು. ತನ್ನ ಮೊಡವೆಗಳ ಬಗ್ಗೆ ಮೊದಲು ತನಗೂ ಅಳುಕಿತ್ತು, ಜನರ ಪ್ರೀತಿ ಕಂಡ ಮೇಲೆ ಧೈರ್ಯ ಬಂತು ಎಂದು ಸಾಯಿ ಪಲ್ಲವಿ ಹೇಳಿಕೊಂಡಿದ್ದಾರೆ. ಮುಂದೆ ಸುಮಾರು ಎರಡು ಕೋಟಿ ರೂಪಾಯಿಯದು ಎಂದು ವರದಿಯಾದ ಫೇರ್‌ನೆಸ್ ಕ್ರೀಮ್ ಜಾಹೀರಾತನ್ನು ಅವರು ಬೇಡವೆಂದರು.

ಹಾಲಿವುಡ್‌ನಲ್ಲೂ ಇಂಥ ಪ್ರಯತ್ನಗಳಾದವು. 2017ರ 'ಲೇಡಿ ಬರ್ಡ್' ಚಿತ್ರದಲ್ಲಿ ನಿರ್ದೇಶಕಿ ಗ್ರೇಟಾ ಗರ್ವಿಗ್ ಅವರು ನಟಿ ಸರ್ಷಾ ರೋನನ್ ಮುಖದ ಮೊಡವೆಗಳನ್ನು ಮುಚ್ಚಿಸಲಿಲ್ಲ. 2018ರ 'ಏಯ್ತ್ ಗ್ರೇಡ್' ಚಿತ್ರದ ಎಲ್ಸಿ ಫಿಶರ್ ಮುಖದಲ್ಲಿ ಕಂಡದ್ದು ಆ ವಯಸ್ಸಿನ ನಿಜವಾದ ಮೊಡವೆಗಳೇ. ಈ ಚಿತ್ರಗಳನ್ನು ಜನ ತಿರಸ್ಕರಿಸಲಿಲ್ಲ, ವಿಮರ್ಶಕರಂತೂ ಹಾಡಿ ಹೊಗಳಿದರು.

ಆದರೆ ಇಷ್ಟಕ್ಕೇ ತೃಪ್ತಿಪಡುವಂತಿಲ್ಲ. ತೆರೆ ಈವರೆಗೆ ಒಪ್ಪಿಕೊಂಡಿರುವುದು ಬೆಳ್ಳನೆಯ ಕೆನ್ನೆಯ ಮೇಲಿನ ಕೆಂಪು ಛಾಯೆಯನ್ನು. ನಮ್ಮಲ್ಲಿ ಬಹುಪಾಲು ಜನರದು ಕಂದು ಚರ್ಮ. ಇಲ್ಲಿ ಮೊಡವೆ ಒಣಗಿದ ಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಆಳದ ಗಂಟುಗಳು ಗುಳಿ ಬಿಟ್ಟು ಹೋಗುತ್ತವೆ. ಅಂಥ ಮುಖದ ನಾಯಕಿ, ಅಂಥ ಮುಖದ ಪ್ರೇಮಿ ನಮ್ಮ ಚಿತ್ರಗಳಲ್ಲಿ ಕಾಣುವುದು ತೀರಾ ಅಪರೂಪ.

ತಪ್ಪು ಕಲ್ಪನೆ 5: ವಯಸ್ಸಿಗೆ ಬಂದ ಮೇಲೆ ಇದೆಲ್ಲ ಇದ್ದದ್ದೇ, ಮದುವೆಯಾದರೆ ಹೋಗುತ್ತದೆ

ಸತ್ಯ: ಮದುವೆಗೂ ಮೊಡವೆಗೂ ಸಂಬಂಧವಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ 25 ದಾಟಿದ ಮೇಲೂ ಮೊಡವೆ ಬರುತ್ತದೆ. ಜೊತೆಗೆ ಮುಟ್ಟು ಏರುಪೇರಾಗಿದ್ದರೆ, ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

'ಇದ್ದದ್ದೇ' ಎಂದು ತಳ್ಳಿಹಾಕುವಾಗ ನಾವು ಮನಸ್ಸಿನ ಗಾಯವನ್ನು ಮರೆಯುತ್ತೇವೆ. ನಾರ್ವೆಯ ಓಸ್ಲೊದಲ್ಲಿ 18–19 ವಯಸ್ಸಿನ 3,775 ಯುವಕ ಯುವತಿಯರನ್ನು ಕೇಳಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೀವ್ರ ಮೊಡವೆ ಇದ್ದವರಲ್ಲಿ ಸಾಯುವ ಯೋಚನೆ ಬಂದವರ ಪ್ರಮಾಣ ಉಳಿದವರಿಗಿಂತ ಹೆಚ್ಚಿತ್ತು. ಹುಡುಗರಲ್ಲಿ ಈ ಅಂತರ ಇನ್ನೂ ದೊಡ್ಡದಾಗಿತ್ತು. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿದ 2018ರ ಅಧ್ಯಯನದ ಪ್ರಕಾರ, ಮೊಡವೆ ಎಂದು ವೈದ್ಯರು ಗುರುತಿಸಿದ ಮೊದಲ ವರ್ಷದಲ್ಲಿ ಖಿನ್ನತೆಯ ಅಪಾಯ ಶೇ 63ರಷ್ಟು ಜಾಸ್ತಿ. 'ಹುಡುಗರಿಗೇನು, ನಡೆಯುತ್ತೆ ಬಿಡು' ಎನ್ನುವ ಮನೆಗಳು ಈ ಅಂಕಿಗಳನ್ನು ಗಮನಿಸಬೇಕು.

ಮದುವೆ ಮನೆಯಲ್ಲಿ ಹತ್ತು ಜನರ ಎದುರು 'ಏನೇ ಇದು, ಮುಖದ ತುಂಬ ಹೀಗಾಗಿದೆ? ಎಷ್ಟು ಚೆನ್ನಾಗಿದ್ದೆ!' ಎಂದು ಕೇಳುವ ಅತ್ತೆ, ಚಿಕ್ಕಮ್ಮಂದಿರಿಗೆ ಕೆಡುಕಿನ ಉದ್ದೇಶ ಇರುವುದಿಲ್ಲ. ಆದರೆ ಆ ಮಾತು ಕೇಳಿಸಿಕೊಂಡ ಹುಡುಗಿ ಮುಂದಿನ ಮದುವೆಗೆ ಬರುವುದಿಲ್ಲ. ಫೋಟೊ ತೆಗೆಯುವಾಗ ಹಿಂದೆ ಸರಿಯುವುದು, ತರಗತಿಯಲ್ಲಿ ಕೈ ಎತ್ತದಿರುವುದು, ಗಂಟೆಗಟ್ಟಲೆ ಕನ್ನಡಿಯ ಮುಂದೆ ನಿಲ್ಲುವುದು, ಇಲ್ಲವೇ ಕನ್ನಡಿಯನ್ನೇ ತಪ್ಪಿಸುವುದು ನಿಮ್ಮ ಮಗುವಿನಲ್ಲಿ ಕಂಡರೆ ಅದನ್ನು ನಖರಾ ಎನ್ನಬೇಡಿ. ಕೂತು ಮಾತಾಡಿ. ಬೇಕಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

ತಪ್ಪು ಕಲ್ಪನೆ 6: ಒಳ್ಳೆಯ ಕ್ರೀಮ್ ಆದರೆ ನಾಲ್ಕೇ ದಿನದಲ್ಲಿ ಮೊಡವೆ ಮಾಯ

ಸತ್ಯ: ಜಾಹೀರಾತಿನ ಹುಡುಗಿಗೆ ಪಾರ್ಟಿಯ ಹಿಂದಿನ ರಾತ್ರಿ ಒಂದು ಮೊಡವೆ ಬಂದು ಬೆಳಗಾಗುವುದರೊಳಗೆ ಹೋಗುತ್ತದೆ. ನಿಜವಾದ ಚಿಕಿತ್ಸೆ ಕೆಲಸ ಮಾಡಲು 6ರಿಂದ 12 ವಾರ ಬೇಕು. ಬೆನ್ಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಔಷಧಿಗಳು ಶುರುವಿನಲ್ಲಿ ಚರ್ಮವನ್ನು ಸ್ವಲ್ಪ ಒಣಗಿಸುತ್ತವೆ. ಇದನ್ನು ತಿಳಿಯದವರು ಎರಡೇ ವಾರಕ್ಕೆ ಬಿಟ್ಟು, ಬೇಗ ಗುಣವಾಗುವ ಕ್ರೀಮ್ ಕೊಡಿ ಎಂದು ಮೆಡಿಕಲ್ ಶಾಪಿಗೆ ಹೋಗುತ್ತಾರೆ.

ದೊಡ್ಡ ಅಪಾಯ ಇರುವುದೇ ಅಲ್ಲಿ. ಹಾಗೆ ಕೈಗೆ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಬೀಟಾಮೆಥಸೋನ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಮೊದಲ ದಿನಗಳಲ್ಲಿ ಊತ ಇಳಿದು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಅಕ್ಕಪಕ್ಕದವರೂ ಅದೇ ಕ್ರೀಮ್ ಕೇಳಿ ತರಿಸಿಕೊಳ್ಳುತ್ತಾರೆ. ತಿಂಗಳುಗಳು ಕಳೆದ ಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಬಿಸಿಲಿಗೆ ಹೋದರೆ ಉರಿ, ಮುಖದ ಮೇಲೆ ಕೂದಲು. ಹೆದರಿ ನಿಲ್ಲಿಸಿದರೆ ಮೊಡವೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ನಮ್ಮ ದೇಶದಲ್ಲಿ ಇದು ಎಷ್ಟು ವ್ಯಾಪಕವಾಯಿತೆಂದರೆ ಚರ್ಮವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿ ಹೆಸರು ಕೊಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಮುಖಕ್ಕೆ ಏನನ್ನೇ ಹಚ್ಚುವ ಮೊದಲೂ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಈ ಸ್ಟೀರಾಯ್ಡ್‌ಗಳ ಹೆಸರು ಕಂಡರೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಈಗಾಗಲೇ ತಿಂಗಳಾನುಗಟ್ಟಲೆ ಹಚ್ಚುತ್ತಿದ್ದರೆ, ಬಿಡುವ ಬಗೆಯನ್ನೂ ಅವರನ್ನೇ ಕೇಳಿ.

ತಪ್ಪು ಕಲ್ಪನೆ 7: ಫೋನಿನ ಫಿಲ್ಟರ್ ಬರೀ ಆಟ

ಸತ್ಯ: ಹಿಂದೆ ಸ್ಟುಡಿಯೊಗಳಲ್ಲಿ ಮಾತ್ರ ಆಗುತ್ತಿದ್ದ ಕೆಲಸವನ್ನು ಈಗ ಜೇಬಿನಲ್ಲಿರುವ ಫೋನು ಮಾಡುತ್ತದೆ. ಎಷ್ಟೋ ಫೋನುಗಳ ಸೆಲ್ಫಿ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಇದೆ. ಮೊದಲು ಬೇರೆಯವರ ತಿದ್ದಿದ ಮುಖದೊಡನೆ ಹೋಲಿಕೆ ನಡೆಯುತ್ತಿತ್ತು, ಈಗ ತಿದ್ದಿದ ತಮ್ಮದೇ ಮುಖದೊಡನೆ. ಫಿಲ್ಟರ್ ಹಾಕಿದ ಸೆಲ್ಫಿಯನ್ನು ತೋರಿಸಿ ತಮಗೆ ಇಂಥ ಮುಖ ಬೇಕು ಎಂದು ಕೇಳಿಕೊಂಡು ಬರುವವರ ಬಗ್ಗೆ ಬಾಸ್ಟನ್ನಿನ ವೈದ್ಯರು 2018ರಲ್ಲೇ ಬರೆದರು. ಈ ಸ್ಥಿತಿಗೆ 'ಸ್ನ್ಯಾಪ್‌ಚಾಟ್ ಡಿಸ್ಮಾರ್ಫಿಯಾ' ಎಂಬ ಹೆಸರೇ ಹುಟ್ಟಿತು.

ಕಾನೂನುಗಳೂ ಎಚ್ಚೆತ್ತಿವೆ. ಜಾಹೀರಾತಿನ ಚಿತ್ರದಲ್ಲಿ ಮೈಕಟ್ಟು ಅಥವಾ ಚರ್ಮವನ್ನು ತಿದ್ದಿದ್ದರೆ ಅದನ್ನು ಹೇಳಲೇಬೇಕು ಎಂಬ ಕಾನೂನನ್ನು ನಾರ್ವೆ 2021ರಲ್ಲಿ ಮಾಡಿ ಮರುವರ್ಷ ಜಾರಿಗೆ ತಂದಿತು. ನಮ್ಮಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ 2021ರ ಮಾರ್ಗಸೂಚಿಯಲ್ಲಿ, ಉತ್ಪನ್ನದ ಪರಿಣಾಮವನ್ನು ಹಿಗ್ಗಿಸಿ ತೋರಿಸುವ ಫಿಲ್ಟರುಗಳನ್ನು ಇನ್‌ಫ್ಲುಯೆನ್ಸರುಗಳು ಬಳಸಬಾರದು ಎಂದಿದೆ.

ಹಾಗಾದರೆ ಏನು ಮಾಡಬೇಕು?

ಮೊಡವೆಯನ್ನು ಹಿಚುಕಬೇಡಿ, ಹಿಚುಕಿದಷ್ಟೂ ಕಲೆ ಮತ್ತು ಗುಳಿ ಹೆಚ್ಚು. ಗಂಟಿನಂಥ, ನೋಯುವ ಮೊಡವೆಗಳಿದ್ದರೆ ತಡಮಾಡದೆ ಚರ್ಮರೋಗ ತಜ್ಞರ ಬಳಿ ಹೋಗಿ. ತೀವ್ರ ಮೊಡವೆಗೆ ಐಸೊಟ್ರೆಟಿನೋಯಿನ್ ಎಂಬ ಮಾತ್ರೆ ಇದೆ. ಗರ್ಭದಲ್ಲಿರುವ ಮಗುವಿಗೆ ಅದು ಅಪಾಯಕಾರಿ, ಆದ್ದರಿಂದ ವೈದ್ಯರ ನಿಗಾ ಇಲ್ಲದೆ ಯಾರೂ ತೆಗೆದುಕೊಳ್ಳಬಾರದು.

ಮೊಡವೆಗೆ ಚಿಕಿತ್ಸೆ ಬೇಕೆನ್ನುವುದೂ ಮೊಡವೆ ಇರುವ ಮುಖ ನಾಚಿಕೆಯದಲ್ಲ ಎನ್ನುವುದೂ ಒಟ್ಟೊಟ್ಟಿಗೇ ನಿಜ. ಕೆಮ್ಮು ಬಂದವನನ್ನು ನಾವು ಹಂಗಿಸದೆ ಔಷಧಿ ಕೊಡಿಸುತ್ತೇವೆ, ಮೊಡವೆಗೂ ಅಷ್ಟೇ ಸಹಜವಾದ ಮರ್ಯಾದೆ ಸಿಗಬೇಕು. ನಮ್ಮ ನಿರ್ದೇಶಕರಲ್ಲಿ, ಧಾರಾವಾಹಿ ಮಾಡುವವರಲ್ಲಿ ಒಂದು ಕೋರಿಕೆ: ಮೊಡವೆಯ ಬಗ್ಗೆ ಸಿನಿಮಾ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಚೆನ್ನಾಗಿ ಓದುವ, ಪ್ರೀತಿಸುವ, ಜಗಳವಾಡುವ, ಗೆಲ್ಲುವ ಒಂದು ಪಾತ್ರಕ್ಕೆ ಮೊಡವೆಯೂ ಇರಲಿ, ಕಥೆ ಅದರ ಸುದ್ದಿಯನ್ನೇ ಎತ್ತದೆ ಮುಂದೆ ಹೋಗಲಿ. ಮನೆಯಲ್ಲಿ ನಾವು ಮಾಡಬೇಕಾದದ್ದು ಇನ್ನೂ ಸುಲಭ. ಮಕ್ಕಳು ಬಹಳ ದಿನದ ಮೇಲೆ ಎದುರು ಸಿಕ್ಕಾಗ ಮೊದಲ ಮಾತು ಅವರ ಮುಖದ ಬಗ್ಗೆ ಇರದಿರಲಿ, ಅವರು ಹೇಗಿದ್ದಾರೆ ಎಂಬುದರ ಬಗ್ಗೆ ಇರಲಿ.