ಕಣ್ಣಿಲ್ಲದ ಗೆಡ್ಡೆಗೆ ಕಾಸು ಕೊಡಬೇಡಿ!

ಮಲೆನಾಡಿನ ಅಂಗಳದಲ್ಲಿ ಡೇರೆ ಹೂವಿನ ದರ್ಬಾರು. ಗೆಡ್ಡೆ ಕೊಳ್ಳುವವರಿಗೆ ಟೋಪಿ

(ನಮ್ಮ ವರದಿಗಾರರಿಂದ)

ಸಾಗರ: ಮುಂಗಾರು ಬಾಗಿಲಿಗೆ ಬಂತೆಂದರೆ ಮಲೆನಾಡಿನ ಗಂಡಸರಿಗೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಚಿಂತೆ, ಹೆಂಗಸರಿಗೆ ಡೇರೆ ಗೆಡ್ಡೆಯ ಚಿಂತೆ. ಪೇಟೆಯವರು ಡೇಲಿಯಾ ಅನ್ನುವ ಹೂವಿಗೆ ನಮ್ಮ ಕಡೆ ಹೆಸರು ಡೇರೆ. ಸಾಗರ, ಸೊರಬ, ಹೊಸನಗರದಿಂದ ಸಿದ್ದಾಪುರ, ಶಿರಸಿಯವರೆಗೆ ಯಾವ ಹಳ್ಳಿಗೆ ಬೇಕಾದರೂ ಹೋಗಿ. ಚೌತಿ ಹೊತ್ತಿಗೆ ಅಂಗಳದ ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಹೂವು ತಲೆ ತೂಗುತ್ತಿರುತ್ತದೆ. ಕೆಂಪು, ಹಳದಿ, ಬಿಳಿ, ನೇರಳೆ, ಒಂದೇ ಹೂವಿನಲ್ಲಿ ಎರಡು ಬಣ್ಣ. ದಾರಿಹೋಕ ನಿಂತು ನೋಡದೆ ಮುಂದೆ ಹೋಗುವ ಹಾಗಿಲ್ಲ.

ಇದು ಬರೀ ಶೋಕಿ ಅಂತ ತಿಳಿಯಬೇಡಿ. ತೋಟ ಗಂಡನ ಹೆಸರಲ್ಲಿ, ಗದ್ದೆ ಮಾವನ ಹೆಸರಲ್ಲಿ ಇರುವ ಎಷ್ಟೋ ಮನೆಗಳಲ್ಲಿ ಹೆಂಗಸರು ‘ನಂದು’ ಅಂತ ಹೇಳಿಕೊಳ್ಳುವ ನೆಲ ಅಂದರೆ ಅಂಗಳದ ಆ ನಾಲ್ಕು ಮಡಿ. ತವರಿನಿಂದ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಗೆಡ್ಡೆ, ನಾದಿನಿಗೆ ಕೊಟ್ಟು ಬದಲಿಗೆ ಪಡೆದ ಗೆಡ್ಡೆ, ಮದುವೆ ಮನೆಯಲ್ಲಿ ಗುಟ್ಟಾಗಿ ಕೈಬದಲಾದ ಗೆಡ್ಡೆ. ಇದೊಂದು ದುಡ್ಡಿಲ್ಲದ ಬ್ಯಾಂಕು. ಇದರ ಲೆಕ್ಕ ಯಾವ ಕಚೇರಿಯಲ್ಲೂ ಇಲ್ಲ.

ಈಗ ಈ ಬ್ಯಾಂಕಿಗೇ ಕನ್ನ ಬಿದ್ದಿದೆ.

ಕಣ್ಣು ಎಲ್ಲಿದೆ ನೋಡಿ

ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಮಾರುವವರು ಒಂದು ಕಡೆ. ಫೋನಿನಲ್ಲಿ ಬಣ್ಣಬಣ್ಣದ ಫೋಟೋ ಕಳಿಸಿ, ಮೊದಲೇ ಹಣ ಹಾಕಿಸಿಕೊಂಡು, ಕೊರಿಯರ್‌ನಲ್ಲಿ ಪೊಟ್ಟಣ ಕಳಿಸುವವರು ಇನ್ನೊಂದು ಕಡೆ. ಎಲ್ಲರೂ ಮೋಸಗಾರರಲ್ಲ, ಒಪ್ಪೋಣ. ಆದರೆ ಪೊಟ್ಟಣ ಬಿಚ್ಚಿದರೆ ಬೆರಳು ಗಾತ್ರದ, ಕುತ್ತಿಗೆ ಮುರಿದ ಗೆಡ್ಡೆ. ನೆಟ್ಟರೆ ಆಷಾಢ ಕಳೆದರೂ ಮೊಳಕೆ ಇಲ್ಲ. ಕೇಳಿದರೆ ‘ನಿಮ್ಮ ಮಣ್ಣು ಸರಿ ಇಲ್ಲಮ್ಮ’ ಅನ್ನುವ ಉತ್ತರ.

ಮಣ್ಣಿನ ತಪ್ಪಲ್ಲ ಸ್ವಾಮಿ, ಗೆಡ್ಡೆಯ ತಪ್ಪು. ಆಲೂಗಡ್ಡೆಗೆ ಮೈತುಂಬ ಕಣ್ಣು. ಡೇರೆಗೆ ಹಾಗಲ್ಲ. ಹಳೆಯ ದಂಟಿನ ಬುಡಕ್ಕೆ ಗೆಡ್ಡೆ ಅಂಟಿಕೊಂಡಿರುವ ಜಾಗದಲ್ಲಿ, ಅಂದರೆ ಕುತ್ತಿಗೆಯ ಮೇಲೆ, ಮಾತ್ರ ಅದರ ಕಣ್ಣು. ಆ ಬುಡದ ಒಂದು ಚೂರಾದರೂ ಗೆಡ್ಡೆಯ ಜೊತೆ ಬರಲೇಬೇಕು. ಇಲ್ಲದಿದ್ದರೆ ಅದು ಕುರುಡು ಗೆಡ್ಡೆ. ಮಣ್ಣಲ್ಲಿ ಬೇರು ಬಿಟ್ಟುಕೊಂಡು ತಿಂಗಳುಗಟ್ಟಲೆ ಕೊಳೆಯದೆ ಕೂತರೂ ಕೂರಬಹುದು, ಚಿಗುರು ಮಾತ್ರ ಬರುವುದಿಲ್ಲ. ಗೆಡ್ಡೆ ಎಷ್ಟು ದಪ್ಪ ಅಂತ ನೋಡಬೇಡಿ. ಕಣ್ಣಿರುವ ಸಣ್ಣ ಗೆಡ್ಡೆ ಕಣ್ಣಿಲ್ಲದ ದೊಡ್ಡ ಗೆಡ್ಡೆಗಿಂತ ಸಾವಿರ ಪಾಲು ಮೇಲು.

ಇನ್ನೊಂದು ಮಾತು. ಅಚ್ಚ ನೀಲಿ ಡೇರೆಯ ಫೋಟೋ ತೋರಿಸಿ ದುಪ್ಪಟ್ಟು ಕೇಳಿದರೆ ಅಲ್ಲೇ ಕೈ ಮುಗಿದುಬಿಡಿ. ಡೇರೆಯಲ್ಲಿ ನೀಲಿ ಬಣ್ಣವೇ ಇಲ್ಲ. ಅದು ಫೋಟೋದ ಬಣ್ಣ, ಹೂವಿನದಲ್ಲ.

ಎಲ್ಲಿಂದ ಬಂತು ಈ ಹೂವು?

ಡೇರೆಯ ತವರು ಮೆಕ್ಸಿಕೋ ದೇಶದ ಬೆಟ್ಟಗಳು. 1963ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಹೂವೆಂದು ಸಾರಿತು. ಅಲ್ಲಿಂದ 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನ ಸೇರಿತು. ಅಲ್ಲಿದ್ದ ಕವಾನಿಲೆಸ್ ಎಂಬ ಪಂಡಿತ 1791ರಲ್ಲಿ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ನೆನಪಿಗೆ, ಡೇಲಿಯಾ ಅಂತ ಹೆಸರಿಟ್ಟ. ಆ ಡಾಲ್ ನಮ್ಮ ಅಜ್ಜಿಯರ ಬಾಯಲ್ಲಿ ಡೇರೆ ಆಗಿ ಕೂತಿದ್ದಾನೆ. ಮೆಕ್ಸಿಕೋದ ಬೆಟ್ಟದ ತಂಪು ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಸಿಗುತ್ತದೆ. ಆದರೆ ಅಲ್ಲಿನ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ಸಮಸ್ಯೆ ಇರುವುದೇ ಇಲ್ಲಿ.

ನೆಡುವ ಕ್ರಮ

ಜಡಿಮಳೆ ಹಿಡಿದ ಮೇಲೆ ಒಣ ಗೆಡ್ಡೆಯನ್ನು ನೇರ ಮಣ್ಣಿಗೆ ಹಾಕಿದರೆ ಕೊಳೆಯುವುದೇ ಹೆಚ್ಚು. ಮೇ ಮೊದಲಿಗೇ ಜಗಲಿಯ ಮೂಲೆಯಲ್ಲಿ, ಲಘುವಾಗಿ ತೇವ ಮಾಡಿದ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಮಲಗಿಸಿಡಿ. ಕಣ್ಣು ಉಬ್ಬಿ ಮೊಳಕೆ ಕಂಡ ಮೇಲೆ, ರೋಹಿಣಿ ಮಳೆಯ ಹೊತ್ತಿಗೆ ನೆಡಿ. ಹಾಗೆ ನೆಟ್ಟ ಗಿಡ ದೊಡ್ಡ ಮಳೆ ಬರುವುದರೊಳಗೆ ಬೇರೂರಿರುತ್ತದೆ. ಎರಡೂವರೆ, ಮೂರು ತಿಂಗಳಿಗೆ ಹೂವು. ಚೌತಿಗೆ ಸರಿಹೋಯಿತು.

ಮಡಿ ಒಂದಡಿಯಾದರೂ ಎತ್ತರ ಇರಲಿ. ಪಕ್ಕದಲ್ಲಿ ನೀರು ಹರಿಯಲು ಕಾಲುವೆ ಬೇಕು. ನಮ್ಮ ಕೆಂಪು ಮಣ್ಣು ಹುಳಿ ಜಾಸ್ತಿ, ನೆಡುವ ಹದಿನೈದು ದಿನ ಮೊದಲು ಮಡಿಗೊಂದು ಹಿಡಿ ಸುಣ್ಣ ಬೆರೆಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿ, ಹಸಿ ಸಗಣಿ ಬೇಡ. ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲೆ ಮಾಡಿ, ಮೂರು ನಾಲ್ಕು ಇಂಚು ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಎರಡಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗವೇ ಬೇಕು. ಹಲಸಿನ ಮರದ ನೆರಳಿನಲ್ಲಿ ನೆಟ್ಟು ಹೂವಿಲ್ಲ ಅಂತ ಗೊಣಗಿದರೆ ಪ್ರಯೋಜನವಿಲ್ಲ.

ಊರುಗೋಲನ್ನು ನೆಡುವ ದಿನವೇ ಊರಿಬಿಡಿ. ಆಮೇಲೆ ಊರಲು ಹೋದರೆ ಗೆಡ್ಡೆಗೇ ತಿವಿದಂತೆ. ಅಡಿಕೆ ದಬ್ಬೆಯ ಸೀಳು, ಬಾಳೆ ನಾರು ಇದ್ದರೆ ಸಾಕು, ಪೇಟೆಯಿಂದ ಏನೂ ತರಬೇಕಾಗಿಲ್ಲ.

ಚಿವುಟುವ ಧೈರ್ಯ ಬೇಕು

ನಾಲ್ಕು ಜೊತೆ ಎಲೆ ಬಂದ ಕೂಡಲೆ ತುದಿ ಚಿವುಟಿ. ಕರುಳು ಚುರುಕ್ ಅನ್ನುತ್ತದೆ, ನಿಜ. ಆದರೆ ಚಿವುಟಿದ ಗಿಡ ಕವಲೊಡೆದು ಗಟ್ಟಿಯಾಗುತ್ತದೆ. ತಟ್ಟೆಯಗಲದ ಹೂವು ಬೇಕೆನ್ನುವವರು ಮೂರೋ ನಾಲ್ಕೋ ಕವಲು ಉಳಿಸಿಕೊಂಡು, ನಡುವಿನ ಮೊಗ್ಗಿನ ಅಕ್ಕಪಕ್ಕದ ಎರಡು ಮೊಗ್ಗು ತೆಗೆಯಬೇಕು. ತುಂಬ ಹೂವು ಬೇಕೆನ್ನುವವರು ಮೊಗ್ಗು ಬಿಟ್ಟುಬಿಡಿ.

ಯೂರಿಯಾ ಸುರಿದರೆ ಆಳೆತ್ತರ ಸೊಪ್ಪು ಬರುತ್ತದೆ, ಹೂವು ಬರುವುದಿಲ್ಲ. ಮೊಗ್ಗು ಕಾಣುವ ಹೊತ್ತಿಗೆ ಸ್ವಲ್ಪ ಒಲೆ ಬೂದಿ ಹಾಕಿ, ಗುಣ ಕಾಣುತ್ತೀರಿ. ಬಾಡಿದ ಹೂವನ್ನು ಆಗಾಗ ಕೊಯ್ಯಿರಿ. ಗುಂಡಗಿದ್ದರೆ ಹೊಸ ಮೊಗ್ಗು, ಚೂಪಾಗಿದ್ದರೆ ಬಾಡಿದ ಹೂವು ಅಂತ ಗುರುತಿಟ್ಟುಕೊಳ್ಳಿ.

ಕತ್ತರಿಸುವಾಗ ಗಂಟಿನ ಮೇಲೆ ಕತ್ತರಿಸಿ. ಡೇರೆ ದಂಟು ಟೊಳ್ಳು. ಮೊಂಡು ದಂಟು ಬಿಟ್ಟರೆ ಮಳೆ ನೀರು ಒಳಗೆ ನಿಂತು ಬುಡದವರೆಗೆ ಕೊಳೆ ಇಳಿಯುತ್ತದೆ. ದೇವರ ಮುಂದೆ ಇಡಲು, ಹೂದಾನಿಗೆ ಹಾಕಲು ಪೂರ್ತಿ ಅರಳಿದ ಹೂವನ್ನು ಬೆಳಿಗ್ಗೆಯೇ ಕೊಯ್ಯಬೇಕು. ಕೊಯ್ದ ಮೊಗ್ಗು ಆಮೇಲೆ ಅರಳುವುದಿಲ್ಲ.

ಶತ್ರುಗಳು

ಮಂಗನ ಕಾಟ ಹೇಳಿ ಪ್ರಯೋಜನವಿಲ್ಲ, ಅದಕ್ಕೆ ನಾಯಿಯೇ ಮದ್ದು. ಬಸವನಹುಳುವಿನದು ಬೇರೆ ಕತೆ. ಅದರಲ್ಲೂ ಆಫ್ರಿಕಾ ಮೂಲದ ದೊಡ್ಡ ಬಸವನಹುಳು ಹೊಕ್ಕರೆ ಒಂದೇ ರಾತ್ರಿಯಲ್ಲಿ ಎಳೆ ಚಿಗುರು ಖಾಲಿ. ಒದ್ದೆ ಗೋಣಿಚೀಲದ ಕೆಳಗೆ ಪಪಾಯಿ ಎಲೆ ಇಟ್ಟರೆ ಬೆಳಗಾಗುವಾಗ ಅಲ್ಲೇ ಗುಂಪು ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಇಕ್ಕಳದಲ್ಲಿ ಹಿಡಿದು ಉಪ್ಪು ನೀರಿಗೆ ಹಾಕಿ. ಅಂಗಡಿಯ ವಿಷದ ಗುಳಿಗೆ ಮನೆಯ ನಾಯಿಗೂ ವಿಷವೇ, ಎಚ್ಚರ.

ಎಲೆಯ ನರ ಹಳದಿಯಾಗಿ, ಎಲೆ ಮುರುಟಿ, ಗಿಡ ಕುಳ್ಳಾಗಿ ನಿಂತರೆ ಅದು ವೈರಸ್ ರೋಗ ಇರಬಹುದು. ಔಷಧಿ ಇಲ್ಲ. ಸಸ್ಯಹೇನು ಅದನ್ನು ಪಕ್ಕದ ಗಿಡಕ್ಕೆ ಹೊತ್ತೊಯ್ಯುತ್ತದೆ, ಗೆಡ್ಡೆಯಲ್ಲೂ ಮುಂದಿನ ವರ್ಷಕ್ಕೆ ದಾಟುತ್ತದೆ. ಕಿತ್ತು ಸುಟ್ಟುಬಿಡಿ. ಅಂಥ ಗೆಡ್ಡೆಯನ್ನು ಪ್ರೀತಿಯಿಂದಲೂ ಯಾರಿಗೂ ಕೊಡಬೇಡಿ.

ಹೂವು ಮುಗಿದ ಮೇಲೆ

ಹೂವು ಮುಗಿಯಿತು ಅಂತ ಗಿಡ ಕಡಿಯುವವರು ಮುಂದಿನ ವರ್ಷದ ಗೆಡ್ಡೆಯನ್ನೇ ಕಡಿದಂತೆ. ಹಗಲು ಚಿಕ್ಕದಾಗುವ ಕಾಲದಲ್ಲೇ, ಅಂದರೆ ಸೆಪ್ಟೆಂಬರ್ ಕಳೆದ ಮೇಲೆ, ಗೆಡ್ಡೆ ದಪ್ಪವಾಗುವುದು. ಎಲೆ ತಾನಾಗಿ ಒಣಗುವವರೆಗೆ ಕಾಯಿರಿ. ಆಮೇಲೆ ದಂಟನ್ನು ನಾಲ್ಕಾರು ಇಂಚು ಉಳಿಸಿ, ಕುತ್ತಿಗೆ ಮುರಿಯದಂತೆ ಅಗೆದು, ನೀರು ಬಸಿಯಲು ತಲೆಕೆಳಗಾಗಿ ನೆರಳಲ್ಲಿ ಒಣಗಿಸಿ. ಒಣ ಮರಳು ಇಲ್ಲವೇ ಮರದ ಹೊಟ್ಟಿನಲ್ಲಿ ಹುಗಿದು ಉಗ್ರಾಣದ ತಂಪು ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ನೋಡಿ. ಕೊಳೆತದ್ದನ್ನು ಕೊಯ್ದು ಬೂದಿ ಸವರಿ. ಸುಕ್ಕಾದರೆ ನಾಲ್ಕು ಹನಿ ನೀರು ಚಿಮುಕಿಸಿ. ಬಣ್ಣದ ಹೆಸರು ಬರೆದು ಕಟ್ಟುವುದನ್ನು ಮರೆಯಬೇಡಿ. ಪಾಲು ಮಾಡುವುದು ಬೇಸಿಗೆ ಕೊನೆಗೆ, ಕಣ್ಣು ಉಬ್ಬಿದ ಮೇಲೆ.

ಇಷ್ಟೆಲ್ಲ ಜತನ ಯಾಕೆ ಅಂದರೆ, ಡೇರೆಯ ಬೀಜ ಹಾಕಿದರೆ ತಾಯಿಯ ಬಣ್ಣವೇ ಬರುತ್ತದೆಂಬ ಖಾತ್ರಿ ಇಲ್ಲ. ಬಣ್ಣ ಉಳಿಯುವುದು ಗೆಡ್ಡೆಯಿಂದ ಅಥವಾ ಚಿಗುರಿನ ಕಡ್ಡಿಯಿಂದ ಮಾತ್ರ. ಅಜ್ಜಿ ಕಾಲದ ಒಂದು ಬಣ್ಣದ ಕೊನೆಯ ಗೆಡ್ಡೆ ಕೊಳೆತರೆ ಆ ಬಣ್ಣ ಆ ಊರಿನಿಂದಲೇ ಹೋಯಿತು. ದುಡ್ಡು ಕೊಟ್ಟರೂ ಅದೇ ಗೆಡ್ಡೆ ವಾಪಸು ಬರುವುದಿಲ್ಲ. ಆದ್ದರಿಂದ ಒಳ್ಳೆಯ ಬಣ್ಣವನ್ನು ಒಬ್ಬರೇ ಬಚ್ಚಿಟ್ಟುಕೊಳ್ಳುವುದು ಜಿಪುಣತನವಷ್ಟೇ ಅಲ್ಲ, ದಡ್ಡತನ ಕೂಡ. ಎರಡು ಮನೆಗೆ ಕೊಟ್ಟಿದ್ದರೆ ನಿಮ್ಮಲ್ಲಿ ಹೋದರೂ ಅಲ್ಲಿ ಇರುತ್ತದೆ.

ತೋಟಗಾರಿಕೆ ಇಲಾಖೆಯವರಿಗೆ, ಪಂಚಾಯಿತಿಯವರಿಗೆ, ಮಹಿಳಾ ಸಂಘದವರಿಗೆ ನಮ್ಮದೊಂದು ಅರಿಕೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ಊರ ಶಾಲೆಯ ಜಗಲಿಯಲ್ಲಿ ಗೆಡ್ಡೆ ವಿನಿಮಯ ಇಡಿ. ನಾಲ್ಕು ಬೆಂಚು, ಒಂದು ಕೊಡ ಮಜ್ಜಿಗೆ, ಕಣ್ಣು ಗುರುತಿಸಲು ಬಲ್ಲ ಇಬ್ಬರು ಹಿರಿಯ ಹೆಂಗಸರು. ಇದಕ್ಕೆ ಯಾವ ಅನುದಾನವೂ ಬೇಡ, ಉದ್ಘಾಟನೆಗೆ ಮಂತ್ರಿಗಳೂ ಬೇಡ. ಟೋಪಿ ಹಾಕುವವರ ವ್ಯಾಪಾರ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ.

ಅಲ್ಲಿಯವರೆಗೆ ಅಕ್ಕಂದಿರೇ, ಅಮ್ಮಂದಿರೇ, ಗೆಡ್ಡೆ ಕೈಗೆ ಬಂದ ಕೂಡಲೆ ಮೊದಲು ಕುತ್ತಿಗೆ ನೋಡಿ, ಆಮೇಲೆ ಪರ್ಸು ಬಿಚ್ಚಿ.