ಬ್ಯಾಟರಿ ಬದಲಿಸೋ ಮುಂಚೆ ಮೂರು ಸಲ ಮೀಟರ್ ಇಟ್ಟು ನೋಡಿ

ಟೊಮ್ಯಾಟೊ ತುಂಬಿಕೊಂಡು ಬೆಳಗಿನ ಜಾವ ಕೋಲಾರದ ಎಪಿಎಂಸಿಗೆ ಹೊರಡಬೇಕಾದ ಹಳೇ ಪಿಕಪ್, ಕೀ ತಿರುಗಿಸಿದಾಗ ‘ಟಕ್’ ಅಂದು ಸುಮ್ಮನಾದ್ರೆ ಹರಾಜೂ ತಪ್ಪುತ್ತೆ, ಅವತ್ತಿನ ರೇಟೂ ತಪ್ಪುತ್ತೆ. ಆಗ ಸುತ್ತ ನಿಂತವರೆಲ್ಲ ಹೇಳೋದು ಒಂದೇ ಮಾತು: “ಬ್ಯಾಟರಿ ಹೋಗಿದೆ, ಹೊಸದು ಹಾಕ್ಸು.” ನಾನು ಬಿಕಾಂ ಓದಿದವನು, ಖರ್ಚಿಗೆ ಮುಂಚೆ ಲೆಕ್ಕ ಕೇಳ್ತೀನಿ. ಇಲ್ಲಿ ಲೆಕ್ಕ ಕೊಡೋದು ಮಲ್ಟಿಮೀಟರ್.

ಬ್ಯಾಟರಿ ಒಂದು ಉಳಿತಾಯ ಖಾತೆ ಅಂದ್ಕೊಳ್ಳಿ. ಸ್ಟಾರ್ಟ್ ಮಾಡುವಾಗ ಅದರಿಂದ ತೆಗೀತೀವಿ. ಎಂಜಿನ್ ಓಡುವಾಗ ಆಲ್ಟರ್ನೇಟರ್, ಅಂದ್ರೆ ಗ್ಯಾರೇಜಿನವರ ಬಾಯಲ್ಲಿ ‘ಡೈನಮೊ’, ವಾಪಸ್ ತುಂಬುತ್ತೆ. ಜಮಾ ಆಗೋದೇ ನಿಂತಿದ್ರೆ ಹೊಸ ಬ್ಯಾಟರಿಯೂ ಬೇಗ ಖಾಲಿ.

ಮೊದಲನೇ ಅಳತೆ: ಗಾಡಿ ರಾತ್ರಿಯಿಡೀ ನಿಂತ ಮೇಲೆ, ಎಂಜಿನ್ ಆಫ್. ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ 12.6 ವೋಲ್ಟ್ ಆಸುಪಾಸು ಇದ್ರೆ ಫುಲ್. 12.2 ಅಂದ್ರೆ ಸುಮಾರು ಅರ್ಧ.

ಎರಡನೇದು: ಎಂಜಿನ್ ಆನ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ. ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಮೊದಲಿನ ಅಂಕಿಯಿಂದ ಮೇಲೇಳದಿದ್ರೆ ಚಾರ್ಜ್ ಆಗ್ತಿಲ್ಲ. 15 ದಾಟಿದ್ರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಅದು ಬ್ಯಾಟರಿಯನ್ನ ಕುದಿಸಿಬಿಡುತ್ತೆ.

ಮೂರನೇದು ಹಳೇ ಗಾಡಿಗೆ ತುಂಬಾ ಮುಖ್ಯ, ಆದ್ರೆ ಮಾಡೋರು ಕಮ್ಮಿ. ಎಂಜಿನ್ ಓಡ್ತಿರಲಿ, ಹೆಡ್‌ಲೈಟ್ ಹಾಕಿ. ಮೀಟರಿನ ಒಂದು ತುದಿ ಡೈನಮೊದ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ. ಆಮೇಲೆ ಡೈನಮೊ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ. ಎರಡೂ ಕಡೆ 0.2 ವೋಲ್ಟ್ ಒಳಗಿರಬೇಕು. ಅರ್ಧ ವೋಲ್ಟ್ ತೋರಿಸಿದ್ರೆ ಡೈನಮೊ ಕೊಟ್ಟ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗ್ತಿದೆ: ತುಕ್ಕು ಹಿಡಿದ ಟರ್ಮಿನಲ್, ಸಡಿಲ ಬೋಲ್ಟ್, ಸವೆದ ಅರ್ತ್ ವೈರ್. ಮರಳು ಕಾಗದ, ಸ್ಪ್ಯಾನರ್‌ನಲ್ಲೇ ಮುಗಿಯೋ ಕೆಲಸ ಇರಬಹುದು. ಬೆಲ್ಟ್, ಫ್ಯಾನ್ ಹತ್ರ ಕೈ, ಶಾಲು ಹೋಗದಂತೆ ನೋಡ್ಕೊಳ್ಳಿ.

ಡೈನಮೊ ಬಿಚ್ಚಿಸೋ ಮುಂಚೆ ಇನ್ನೆರಡು ನೋಡಿ. ಬೆಲ್ಟ್ ಸಡಿಲವಾಗಿದ್ಯಾ? ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ದೀಪ ಹತ್ತುತ್ತಾ? ಎಷ್ಟೋ ಹಳೇ ಗಾಡಿಗಳಲ್ಲಿ ಡೈನಮೊಗೆ ಮೊದಲ ಕರೆಂಟ್ ಹೋಗೋದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟಿದ್ರೆ ಚಾರ್ಜಿಂಗೇ ಶುರುವಾಗದೇ ಇರಬಹುದು.

ಒಂದು ಕೆಲಸ ಮಾತ್ರ ಬೇಡ: ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ‘ಟೆಸ್ಟ್’ ಮಾಡೋದು. ವೋಲ್ಟೇಜ್ ಒಮ್ಮೆಲೇ ಏರಿ ಡೈನಮೊದ ಡಯೋಡ್, ರೆಗ್ಯುಲೇಟರ್ ಸುಟ್ಟುಹೋಗಬಹುದು.

ಈ ಅಂಕಿಗಳನ್ನ ಮೊಬೈಲಲ್ಲಿ ಬರ್ಕೊಂಡು ಎಲೆಕ್ಟ್ರಿಷಿಯನ್ ಹತ್ರ ಹೋಗಿ. “ಅಣ್ಣಾ, ಡೈನಮೊ ಹತ್ರ 14.2 ಇದೆ, ಬ್ಯಾಟರಿಗೆ 13.1 ಬರ್ತಿದೆ” ಅಂದ್ರೆ ಅವರು ಮೊದಲು ನೋಡೋದು ವೈರನ್ನ, ನಿಮ್ಮ ಪರ್ಸನ್ನಲ್ಲ.