ಜಮಖಂಡಿಯ ಗ್ರಹಣ ಮತ್ತು ಬೆಳಕಿನ ವೇಗದ ಸ್ಥಿರತೆ

ಬೆಳಕಿನ ವೇಗ ನಿಜಕ್ಕೂ ಸ್ಥಿರವೇ ಎಂಬ ಪ್ರಶ್ನೆಗೆ ಆಧುನಿಕ ಭೌತವಿಜ್ಞಾನ ನೀಡುವ ಉತ್ತರವು ಬಹುಮಟ್ಟಿಗೆ ರೋಹಿತರೇಖೆಗಳ ಅಳತೆಯನ್ನು ಅವಲಂಬಿಸಿದೆ. ಆಕಾಶಕಾಯಗಳ ಬೆಳಕಿಗೆ ಈ ಅಳತೆಯನ್ನು ಅನ್ವಯಿಸಿದ ಆರಂಭಿಕ ಪ್ರಯತ್ನಗಳಲ್ಲೊಂದು ಜಮಖಂಡಿಯಲ್ಲಿ ನಡೆಯಿತು. ಆ ಪ್ರಯತ್ನದ ಸಾಧನೆ ಮತ್ತು ಮಿತಿಗಳೆರಡೂ ಇಂದಿನ ಪ್ರಶ್ನೆಯನ್ನು ಅರಿಯಲು ನೆರವಾಗುತ್ತವೆ.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತದ ಪಶ್ಚಿಮ ಕರಾವಳಿಯಿಂದ ಮಚಲೀಪಟ್ಟಣದವರೆಗೆ ಹಾದುಹೋಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪ್ರದೇಶಗಳು ಆ ನೆರಳಿನ ಪಟ್ಟಿಯೊಳಗಿದ್ದವು. ಆಗ ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಜಮಖಂಡಿಯನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ವೀಕ್ಷಣೆಗೆ ಆರಿಸಿಕೊಂಡರು. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ಇವರು ಪ್ರಸಿದ್ಧ ಖಗೋಳಜ್ಞ ಸರ್ ಜಾನ್ ಹರ್ಷೆಲ್ ಅವರ ಮಗ. ರಾಯಲ್ ಸೊಸೈಟಿ ಒದಗಿಸಿದ ರೋಹಿತದರ್ಶಕ ಅವರ ಬಳಿಯಿತ್ತು. ಮುಂಗಾರಿನ ಮೋಡಗಳು ಅಡ್ಡಬಂದರೂ, ದೊರೆತ ಅಲ್ಪ ಅವಧಿಯಲ್ಲಿ ಸೂರ್ಯಬಿಂಬದ ಅಂಚಿನಿಂದ ಹೊರಚಾಚಿದ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ ಮತ್ತು ನೀಲಿ ಬಣ್ಣದ ಮೂರು ಉಜ್ವಲ ರೇಖೆಗಳನ್ನು ಅವರು ಕಂಡರು. ಜ್ವಾಲೆಗಳು ಕಾದ ಅನಿಲದಿಂದಾದವು ಎಂಬುದು ಇದರಿಂದ ಸಿದ್ಧವಾಯಿತು. ಗುಂಟೂರು ಮೊದಲಾದ ಕಡೆಗಳಲ್ಲಿ ನಡೆದ ವೀಕ್ಷಣೆಗಳೂ ಇದನ್ನೇ ತೋರಿಸಿದವು.

ಕಿತ್ತಳೆ ರೇಖೆಯನ್ನು ಹರ್ಷೆಲ್ ಸೋಡಿಯಂನ ‘ಡಿ’ ರೇಖೆಯೆಂದು ಗುರುತಿಸಿದರು. ಆದರೆ ತಮ್ಮ ಉಪಕರಣದ ಸಾಮರ್ಥ್ಯದ ಮಟ್ಟಿಗೆ ಮಾತ್ರ ಹಾಗೆ ಹೇಳಬಹುದೆಂಬ ಷರತ್ತನ್ನೂ ಸೇರಿಸಿದರು. ಈ ಷರತ್ತು ಮಹತ್ವದ್ದು. ಸೋಡಿಯಂನ ಜೋಡಿರೇಖೆಗಳ ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್, ಜ್ವಾಲೆಯ ರೇಖೆಯದು 587.6. ಅದೇ ವರ್ಷದ ಅಕ್ಟೋಬರಿನಲ್ಲಿ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದೆಯೇ ಜ್ವಾಲೆಗಳನ್ನು ವೀಕ್ಷಿಸಿದ ಬಳಿಕ ಈ ವ್ಯತ್ಯಾಸ ಸ್ಪಷ್ಟವಾಯಿತು. ಆ ರೇಖೆ ಹೀಲಿಯಂನದು. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಆ ಅನಿಲವನ್ನು ಭೂಮಿಯ ಮೇಲೆಯೇ ಪತ್ತೆಹಚ್ಚಿದರು.

ಬೆಳಕಿನ ವೇಗದ ಸ್ಥಿರತೆಗೆ ಎರಡು ಅರ್ಥಗಳಿವೆ. ಮೊದಲನೆಯದು, ನಿರ್ವಾತದಲ್ಲಿ ಬೆಳಕಿನ ವೇಗವು ಬೆಳಕಿನ ಮೂಲದ ಅಥವಾ ವೀಕ್ಷಕನ ಚಲನೆಯನ್ನು ಅವಲಂಬಿಸುವುದಿಲ್ಲ ಎಂಬುದು. 1905ರಲ್ಲಿ ಐನ್‌ಸ್ಟೈನ್ ಇದನ್ನು ಮೂಲತತ್ತ್ವವಾಗಿ ಸ್ವೀಕರಿಸಿದರು. ಅಂದಿನಿಂದ ನಡೆದ ಪ್ರಯೋಗಗಳು ಇದನ್ನು ಸಮರ್ಥಿಸಿವೆ. ಎರಡನೆಯದು, ಈ ವೇಗವು ಕಾಲಾಂತರದಲ್ಲಿಯೂ ಬದಲಾಗಿಲ್ಲವೆಂಬುದು. ಇಲ್ಲಿ ಒಂದು ತೊಡಕಿದೆ. 1983ರಲ್ಲಿ ಬೆಳಕಿನ ವೇಗವನ್ನು ಸೆಕೆಂಡಿಗೆ 29,97,92,458 ಮೀಟರ್ ಎಂದು ನಿಗದಿಪಡಿಸಿ, ಅದರಿಂದಲೇ ಮೀಟರನ್ನು ವ್ಯಾಖ್ಯಾನಿಸಲಾಯಿತು. ಆದುದರಿಂದ ಈ ಅಂಕಿ ಬದಲಾಗುವಂತಿಲ್ಲ. ನಿಸರ್ಗದಲ್ಲಿ ಬದಲಾವಣೆ ಸಂಭವಿಸಿದ್ದರೆ ಅದನ್ನು ಮಾನಗಳ ಹಂಗಿಲ್ಲದ ಅನುಪಾತಗಳಲ್ಲಿ ಹುಡುಕಬೇಕಾಗುತ್ತದೆ.

ಅಂತಹ ಅನುಪಾತವೊಂದು ಸೂಕ್ಷ್ಮರಚನಾ ಸ್ಥಿರಾಂಕ. ಎಲೆಕ್ಟ್ರಾನಿನ ವಿದ್ಯುದಂಶ, ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗಗಳು ಸೇರಿ ರೂಪುಗೊಳ್ಳುವ ಇದರ ಬೆಲೆ ಸುಮಾರು 1/137. ಸೋಡಿಯಂನಲ್ಲಿ ಕಾಣುವಂತಹ ಜೋಡಿರೇಖೆಗಳ ನಡುವಿನ ಅಂತರವನ್ನು ನಿರ್ಧರಿಸುವುದು ಇದೇ. ವಿಶ್ವದ ವಿಸ್ತರಣೆಯಿಂದ ಎಲ್ಲ ತರಂಗಾಂತರಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ರೇಖೆಗಳ ಪರಸ್ಪರ ಅನುಪಾತ ಕೆಡುವುದಿಲ್ಲ. ಹೀಗಾಗಿ ನೂರಾರು ಕೋಟಿ ವರ್ಷಗಳ ಹಿಂದೆ ಹೊರಟ ಕ್ವೇಸಾರ್ ಬೆಳಕಿನಲ್ಲಿ ಅಂದಿನ ಸ್ಥಿರಾಂಕವನ್ನು ಅಳೆಯಬಹುದು.

1999ರಲ್ಲಿ ಜಾನ್ ವೆಬ್ ಮತ್ತು ಸಂಗಡಿಗರು ಈ ಸ್ಥಿರಾಂಕವು ಹಿಂದೆ ಲಕ್ಷಕ್ಕೆ ಒಂದೆರಡು ಭಾಗದಷ್ಟು ಕಡಿಮೆಯಿದ್ದಿರಬಹುದೆಂದು ಪ್ರಕಟಿಸಿದರು. 2004ರಲ್ಲಿ ಪುಣೆಯ ಐಯುಕಾ ಸಂಸ್ಥೆಯ ಆರ್. ಶ್ರೀಆನಂದ್ ಮತ್ತು ಸಂಗಡಿಗರಿಗೆ ಬದಲಾವಣೆ ಕಾಣಲಿಲ್ಲ. ಅವರ ವಿಶ್ಲೇಷಣೆಯೂ ಬಳಿಕ ಚರ್ಚೆಗೊಳಗಾಯಿತು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರಮಾಣು ಗಡಿಯಾರಗಳ ಹೋಲಿಕೆಯಲ್ಲಿ, 1ರ ಮುಂದೆ 17 ಸೊನ್ನೆಗಳಿರುವ ಸಂಖ್ಯೆಗೆ ವರ್ಷಕ್ಕೆ ಕೆಲವು ಭಾಗಗಳ ಮಿತಿಯೊಳಗೆ ವ್ಯತ್ಯಾಸ ಕಂಡುಬರಲಿಲ್ಲ. ಮುಂದೆಂದಾದರೂ ವ್ಯತ್ಯಾಸ ದೃಢಪಟ್ಟರೂ, ಬದಲಾದದ್ದು ಬೆಳಕಿನ ವೇಗವೊಂದೇ ಎಂದು ಆ ಅನುಪಾತದಿಂದ ಬೇರ್ಪಡಿಸಿ ಹೇಳಲಾಗದು.

ಆದುದರಿಂದ ಬೆಳಕಿನ ವೇಗ ಸ್ಥಿರವೆಂಬ ನಿರ್ಣಯವನ್ನು ಅದನ್ನು ಅಳೆದ ನಿಖರತೆಯೊಡನೆಯೇ ಹೇಳಬೇಕು. ಜಮಖಂಡಿಯಲ್ಲಿ ಎರಡು ನ್ಯಾನೋಮೀಟರಿಗೂ ಕಡಿಮೆಯ ಅಂತರ ಉಪಕರಣದ ಕಣ್ಣಿಗೆ ಬೀಳದೆ ಹೋಯಿತು. ಆ ಅಂತರದಲ್ಲಿ ಒಂದು ಹೊಸ ಮೂಲವಸ್ತು ಅಡಗಿತ್ತು.